ಚುಕ್ಕಿ ಇಲ್ಲದ ಎಂಬತ್ತೆರಡು

ಬಸವರಾಜೇಶ್ವರಿಯವರು ಕೈಚೀಲದಿಂದ ಮರದ ಸ್ಕೇಲು ತೆಗೆದು, ವರದಿಯ ಹದಿನಾಲ್ಕನೇ ಪುಟದ ಮೇಲೆ ನೆಟ್ಟಗೆ ಇಟ್ಟರು.

"ಏಕಾಂತಪ್ಪನವರೇ, ಈ ಅಂಚಿನಗುಂಟ ಕಣ್ಣು ಇಳಿಸ್ತಾ ಬನ್ನಿ. ಚುಕ್ಕಿ, ಚುಕ್ಕಿ, ಚುಕ್ಕಿ. ನಾಲ್ಕನೇದಕ್ಕೆ ಏನಾಯ್ತು?"

ಶಿವಮೊಗ್ಗದ ವಿನೋಬನಗರದ ಆ ಸಮೀಕ್ಷಾ ಕೇಂದ್ರದ ನಿರ್ದೇಶಕರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗೆ ಇಳಿಸಿ, ಪುಟವನ್ನು ನೋಡಿದರು. ಅಲ್ಲಿದ್ದದ್ದು ಇಷ್ಟೇ:

ಶೆಡ್ಡು 1, ಜನ 52, ಉಸಿರು 84.6
ಶೆಡ್ಡು 2, ಜನ 48, ಉಸಿರು 86.1
ಶೆಡ್ಡು 3, ಜನ 50, ಉಸಿರು 83.9
ಶೆಡ್ಡು 4, ಜನ 46, ಉಸಿರು 82

"ಎಲ್ಲಾ ಸರಿಯಾಗೇ ಇದೆಯಲ್ಲ ಮೇಡಂ."

"ಸರಿಯಾಗಿದ್ದಿದ್ರೆ ನಾನು ಮನೇಲಿ ಕೂತು ಅವರೇಕಾಯಿ ಬಿಡಿಸ್ತಿದ್ದೆ."

ಭದ್ರಾವತಿಯ ಎರಕದ ಕಾರ್ಖಾನೆಯೊಂದರ ಕಾರ್ಮಿಕರನ್ನು ಒಂದು ದಿನದ ಕ್ಯಾಂಪಿಗೆ ಕರೆಸಿ, ಅವರ ಉಸಿರನ್ನು ಯಂತ್ರದಿಂದ ಅಳೆದು, ಆರೋಗ್ಯವಂತನ ಉಸಿರು ನೂರಾದರೆ ಇವರದು ಎಷ್ಟು ಎಂದು ಲೆಕ್ಕ ಹಾಕಿದ ವರದಿ ಅದು. ನಾಲ್ಕನೇ ಶೆಡ್ಡಿಗೆ ತಾನು ಕೊಟ್ಟದ್ದು 58.3 ಎಂದು, ಕೇಂದ್ರದಲ್ಲಿ ಲೆಕ್ಕ ಮಾಡಿದ ಅಕ್ಷರಾ ತನ್ನ ಹಳೆಯ ಮೇಡಂ ಬಸವರಾಜೇಶ್ವರಿಯವರ ಮುಂದೆ ಅಳುತ್ತ ಹೇಳಿದ್ದಳು. ಅಚ್ಚಾಗಿ ಬಂದದ್ದು 82, ಕೊನೆಯ ಪುಟದಲ್ಲಿ ಅವಳದೇ ರುಜು.

ಈ ಸಂಜೆ ನಾಲ್ಕಕ್ಕೆ ಭದ್ರಾವತಿಯಲ್ಲಿ ವಿಚಾರಣಾಧಿಕಾರಿಯ ಮುಂದೆ ವರದಿ ಬರಲಿತ್ತು. ಅದು ಹೀಗೆಯೇ ನಿಂತರೆ, ದೂಳು ಎಳೆಯುವ ಫ್ಯಾನಿಲ್ಲದೆ ಮುಚ್ಚಿಸಿದ್ದ ನಾಲ್ಕನೇ ಶೆಡ್ಡು ಸೋಮವಾರ ತೆರೆಯುತ್ತದೆ. ಪಟ್ಟಿಯಲ್ಲಿರುವವರು ಅದೇ ದೂಳಿಗೆ ಮರಳಬೇಕಾಗುತ್ತದೆ.

"ಇದು ಕಂಪ್ಯೂಟರ್ ಕೊಟ್ಟ ಪ್ರಿಂಟು," ಎಂದರು ಏಕಾಂತಪ್ಪ. "ಕಂಪ್ಯೂಟರಿಗೆ ಜಾತಿಯಿಲ್ಲ, ಪಕ್ಷ ಇಲ್ಲ. ಅದು ಸುಳ್ಳು ಹೇಳುತ್ತಾ?"

"ಹೇಳಲ್ಲ. ಅದಕ್ಕೇ ಹೇಳ್ತಿದೀನಿ, ಈ ಎಂಬತ್ತೆರಡು ಅದು ಹೇಳಿದ್ದಲ್ಲ."

ಮೂವತ್ತೊಂದು ವರ್ಷ ಶಿವಮೊಗ್ಗದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಬಸವರಾಜೇಶ್ವರಿಯವರ ದನಿ, ಕೋಪ ಬಂದಾಗ ಏರುವ ಬದಲು ಇಳಿಯುತ್ತಿತ್ತು. ಈಗ ಅದು ಬಹಳ ಇಳಿದಿತ್ತು.

"ಅಕ್ಷರಾ ಬಳಸಿದ್ದು ಆರ್ ಅನ್ನೋ ಕಂಪ್ಯೂಟರ್ ಭಾಷೆ. ಲೆಕ್ಕಕ್ಕಂತಲೇ ಹುಟ್ಟಿದ್ದು. ನಿಮ್ಮ ಕಂಪ್ಯೂಟರಲ್ಲೂ ಅವಳೇ ಹಾಕಿದಾಳೆ. ಒಂದು ಕಾಲಮ್ಮಿನ ಸಂಖ್ಯೆಗಳನ್ನ ಅದು ಒಂದೇ ಪಂಕ್ತೀಲಿ ಕೂರಿಸುತ್ತೆ. ಒಬ್ಬನ ಎಲೆಗೆ ಒಂದು ದಶಾಂಶ ಬಡಿಸಿದ್ರೆ ಎಲ್ಲರ ಎಲೆಗೂ ಬಡಿಸುತ್ತೆ, ಸೊನ್ನೆಯಾದ್ರೂ ಸರಿ. ಪಂಕ್ತಿಭೇದ ಅದಕ್ಕೆ ಬರಲ್ಲ. ತೋರಿಸು ಅಕ್ಷರಾ."

ಗೋಡೆಗೊರಗಿ ನಿಂತಿದ್ದ ಅಕ್ಷರಾ ಕಂಪ್ಯೂಟರಿನತ್ತ ಒಂದು ಹೆಜ್ಜೆ ಇಟ್ಟಳು.

"ಅವಳು ಮುಟ್ಟಬಾರದು!" ಏಕಾಂತಪ್ಪ ಮೇಜು ತಟ್ಟಿದರು. "ಅವಳನ್ನ ಕೆಲಸದಿಂದ ತೆಗೆದಾಗಿದೆ."

"ಹಾಗಾದ್ರೆ ನೀವೇ ಒತ್ತಿ. ನಾಲ್ಕು ಸಂಖ್ಯೆ ಒತ್ತೋಕೆ ನಿರ್ದೇಶಕರಿಗೆ ಯಾರ ಅಪ್ಪಣೆ ಬೇಕು?"

ಬಾಗಿಲ ಬಳಿ ನಿಂತಿದ್ದ ಮಲ್ಲೇಶ್ ಕಿಸಕ್ಕನೆ ನಕ್ಕ. ಬಸವರಾಜೇಶ್ವರಿಯವರ ಅಣ್ಣನ ಮಗ, ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿ. ಈ ಕೆಲಸವನ್ನು ಅತ್ತೆಯ ಮಡಿಲಿಗೆ ಹಾಕಿದವನೇ ಅವನು. ಆ ನಗೆ ಏಕಾಂತಪ್ಪನವರಿಗೆ ಚುಚ್ಚಿತು. ಅವರು ಕುರ್ಚಿ ಎಳೆದುಕೊಂಡು, ಅಕ್ಷರಾ ಹೇಳಿಕೊಟ್ಟಂತೆ ಒಂದೇ ಬೆರಳಲ್ಲಿ ಒತ್ತಿದರು. ಎಂಬತ್ತನಾಲ್ಕು ಪಾಯಿಂಟ್ ಆರು. ಎಂಬತ್ತಾರು ಪಾಯಿಂಟ್ ಒಂದು. ಎಂಬತ್ಮೂರು ಪಾಯಿಂಟ್ ಒಂಬತ್ತು. ಕೊನೆಗೆ ಬರೀ ಎಂಬತ್ತೆರಡು.

ಪರದೆಯ ಮೇಲೆ ಉತ್ತರ ಮೂಡಿತು.

84.6 86.1 83.9 82.0

ಏಕಾಂತಪ್ಪ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

"ನೀವು ಕೊಡದ ಸೊನ್ನೆಯನ್ನ ಅದು ತಾನಾಗಿ ಕೊಡ್ತು," ಎಂದರು ಬಸವರಾಜೇಶ್ವರಿ. "ಈಗ ಹೇಳಿ. ಆ ಸೊನ್ನೆ ನಿಮ್ಮ ವರದೀಲಿ ಯಾಕಿಲ್ಲ? ಯಾಕಂದ್ರೆ ಆ ಸಾಲನ್ನ ಕೂರಿಸಿದ್ದು ಯಂತ್ರ ಅಲ್ಲ, ಮನುಷ್ಯ. ಯಂತ್ರಕ್ಕಿರೋ ಶಿಸ್ತು ಆ ಮನುಷ್ಯನಿಗೆ ಇರಲಿಲ್ಲ."

ಏಕಾಂತಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಬಣ್ಣ ಬಳಿದ ಮಾತು ಬೇಡ ಮೇಡಂ. ಟೈಪಿಂಗ್ ಹುಡುಗರ ಕೈತಪ್ಪು ಇರಬಹುದು."

"ಐವತ್ತೆಂಟು ಕೈತಪ್ಪಿ ಎಂಬತ್ತೆರಡಾಗುತ್ತಾ?"

"ಐವತ್ತೆಂಟು ಅಂತ ಹೇಳ್ತಿರೋದು ಈ ಹುಡುಗಿ ಒಬ್ಬಳೇ. ಎಲ್ಲಿದೆ ಅದು? ಅವಳ ಕಂಪ್ಯೂಟರಿನ ಡಿಸ್ಕು ಕೆಟ್ಟು, ಪೂರ್ತಿ ಅಳಿಸಿ ಹೊಸದಾಗಿ ಮಾಡಿಸಿದೀವಿ. ಹೋಗಿ, ನಿಮ್ಮ ಚುಕ್ಕಿ ಹಿಡ್ಕೊಂಡು ಅಧಿಕಾರಿ ಮುಂದೆ ನಿಂತ್ಕೊಳಿ. ನಗ್ತಾರೆ." ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳಿ. ಆ ಶೆಡ್ಡು ಮುಚ್ಚೇ ಇದ್ರೆ ಅಷ್ಟು ಮನೆಯ ಒಲೆ ಯಾರು ಹಚ್ತಾರೆ? ನೀವಾ?"

ಬಸವರಾಜೇಶ್ವರಿಯವರು ಸ್ಕೇಲನ್ನು ಚೀಲಕ್ಕೆ ಸೇರಿಸಿದರು.

"ಉಸಿರಾಡೋರು ಇದ್ದರೆ ತಾನೇ ಒಲೆ ಊದೋದು, ಏಕಾಂತಪ್ಪನವರೇ? ನಾಲ್ಕು ಗಂಟೆಗೆ ಸಿಗೋಣ. ನಗೋರು ಯಾರು ಅಂತ ಅಲ್ಲಿ ನೋಡೋಣ."

*

ವ್ಯಾನು ಭದ್ರಾವತಿಯ ದಾರಿ ಹಿಡಿದಾಗ ಗಂಟೆ ಒಂದು ದಾಟಿತ್ತು. ಮಲ್ಲೇಶ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಾಲ್ಕನೇ ಶೆಡ್ಡಿನ ನಾಗಯ್ಯ ಮೊಣಕಾಲ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ. ಸಾಕ್ಷಿ ಹೇಳಲೆಂದು ಸಂಘದವರು ಕರೆತಂದಿದ್ದವನು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದ.

"ಮೂರು ಸಲ ಊದಿಸಿದ್ರು ತಾಯಿ ಆ ಮಿಷಿನ್ನಿಗೆ," ಎಂದ. "ಮೂರನೇ ಸಲಕ್ಕೆ... ಕಣ್ಣು ಕತ್ತಲೆ ಬಂತು. ಬಲೂನು ಊದೋ ವಯಸ್ಸಾ ನಂದು?"

"ಆ ಚುಕ್ಕಿ ಒಂದೇ ಸಾಕತ್ತೆ," ಎಂದ ಮಲ್ಲೇಶ್. "ಏಕಾಂತಪ್ಪನ ಮುಖ ನೋಡಿದ್ರಲ್ಲ, ಹರಳೆಣ್ಣೆ ಕುಡಿದೋರ ಥರ ಆಗಿತ್ತು. ಮೂಲ ಫೈಲು ಅಂತ ಮತ್ತೆ ಯಾಕೆ ಅಲೆಯೋದು?"

"ಚುಕ್ಕಿ ಇಲ್ಲ ಅನ್ನೋದು ಅನುಮಾನ ಕಣೋ. ಸಾಕ್ಷಿ ಬೇರೆ."

ಅಕ್ಷರಾ ಬಹಳ ಹೊತ್ತಿನಿಂದ ದುಪಟ್ಟಾದ ಅಂಚನ್ನು ಸುರುಳಿ ಸುತ್ತುತ್ತಿದ್ದಳು. "ಮೇಡಂ, ಬೈಬೇಡಿ. ನಾನೊಂದು ತಪ್ಪು ಮಾಡಿದೀನಿ. ನಿಮಗೆ ಹೇಳಿಲ್ಲ."

ಮಲ್ಲೇಶ್ ಕನ್ನಡಿಯಲ್ಲಿ ಅವಳತ್ತ ನೋಡಿದ.

"ಪರದೆಗೆ ಬರೋ ಉತ್ತರಾನ ಫೈಲಿಗೆ ತಿರುಗಿಸೋ ಆಜ್ಞೆ ಹೇಳಿಕೊಟ್ಟಿದ್ರಲ್ಲ, ಅದನ್ನ ಕೊಟ್ಟೆ. ಟೇಬಲ್ ಫೈಲಿಗೆ ಹೋಯ್ತು. ಆದರೆ ವಾಪಸ್ ತಿರುಗಿಸೋದು ಮರೆತುಬಿಟ್ಟೆ. ಆಮೇಲೆ ಏನು ಒತ್ತಿದ್ರೂ ಪರದೆ ಮೇಲೆ ಏನೂ ಬರ್ತಿರಲಿಲ್ಲ. ಕಂಪ್ಯೂಟರ್ ಸತ್ತೋಯ್ತು ಅಂದ್ಕೊಂಡು ಹೆದರಿ, ಪೂರ್ತಿ ಮಾಹಿತಿ ತೋರಿಸು, ತೋರಿಸು ಅಂತ ಮೂರು ಸಲ ಒತ್ತಿದೆ. ಕೊನೆಗೆ ಸ್ವಿಚ್ ಆರಿಸಿ ಮನೆಗೆ ಹೋದೆ."

ನಾಲೆಯ ನೀರನ್ನು ಪಕ್ಕದ ಗದ್ದೆಗೆ ತಿರುಗಿಸಿ, ಮತ್ತೆ ಮುಚ್ಚುವುದನ್ನು ಮರೆತು, ತನ್ನ ಗದ್ದೆ ಒಣಗಿತೆಂದು ಎದೆ ಬಡಿದುಕೊಳ್ಳುವವರ ಹಾಗೆ! ಬಸವರಾಜೇಶ್ವರಿಯವರು ಬೈಯಲಿಲ್ಲ. ಅವರ ಕಣ್ಣು ಹೊಳೆಯಿತು.

"ಫೈಲು ಎಲ್ಲಿಗೆ ಬರೀತಿತ್ತು?"

"ಫ್ಲಾಪಿಗೆ. ಅದೇ ಫ್ಲಾಪೀನೇ ಪುಟ ಕಟ್ಟೋಕೆ ಓಲ್ಡ್ ಟೌನಿನ ಮಲ್ಲಿಕ್ ಅವರಿಗೆ ಕೊಟ್ಟದ್ದು."

"ಮಾರಾಯ್ತಿ, ಇದನ್ನ ಬೆಳಿಗ್ಗೆ ಹೇಳೋಕೇನಾಗಿತ್ತು?"

"ನಾಚಿಕೆ ಆಯ್ತು ಮೇಡಂ."

"ತಪ್ಪಿಗೆ ನಾಚಿಕೆ ಬೇಡ. ತಪ್ಪನ್ನ ಮುಚ್ಚಿಟ್ಟದ್ದಕ್ಕೆ ನಾಚ್ಕೋ. ನೀನು ಪರದೆ ಕಾಣದೆ ಒತ್ತಿದ್ದೆಲ್ಲ ಆ ಫ್ಲಾಪೀಲಿ ಇರಬೇಕು."

ವ್ಯಾನು ಒಂದು ಗುಂಡಿಗೆ ಇಳಿದು ಎದ್ದಿತು. ಅಷ್ಟು ಹೊತ್ತು ಗುಂಡಿಗಳನ್ನು ಜಾಣತನದಿಂದ ತಪ್ಪಿಸುತ್ತಿದ್ದ ಮಲ್ಲೇಶ್ ಆ ಒಂದನ್ನು ನೋಡಿರಲಿಲ್ಲ.

*

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಪಾತ್ರೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಮಲ್ಲಿಕ್‌ನ ಡಿಟಿಪಿ ಅಂಗಡಿ. ಮದುವೆ ಕಾರ್ಡಿನ ಮಾದರಿಗಳು ಗೋಡೆಯ ತುಂಬ ತೂಗುತ್ತಿದ್ದವು.

"ನಿಮ್ಮ ಟೇಬಲ್ಲು ನನ್ನ ಪ್ರಾಣ ತಿಂತು ಮೇಡಂ," ಎಂದ ಮಲ್ಲಿಕ್, ಖಾನೆ ಎಳೆಯುತ್ತ. "ಅಂದದ ಅಕ್ಷರಕ್ಕೆ ಹಾಕಿದ್ರೆ ಸಾಲೆಲ್ಲ ಕುಡುಕರ ಥರ ವಾಲುತ್ತೆ. ಟೈಪ್‌ರೈಟರ್ ಅಕ್ಷರಾನೇ ಹಾಕ್ಬೇಕು. ಎಲ್ಲಾ ಅಕ್ಷರಕ್ಕೂ ಒಂದೇ ಅಗಲ."

"ನಾಲ್ಕನೇ ಸಾಲು ನೀನು ತಿದ್ದಿದ್ದಾ?"

ಅವನ ಕೈ ನಿಂತಿತು. "ತಿದ್ದುಪಡಿ ಅಂತ ಚೀಟಿ ಬಂತು. ನಾನು ಚೀಟಿ ನೋಡಿ ಹಾಕೋನು. ಲೆಕ್ಕ ಕೇಳೋನಲ್ಲ."

ಖಾನೆಯಿಂದ ನೀಲಿ ಫ್ಲಾಪಿಯೊಂದು ಬಂತು. ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಸಿಕ್ಕಿಸಿದ್ದ ಚೀಟಿಯೂ ಬಂತು. "ಪುಟ 14, ಶೆಡ್ಡು 4, 82 ಮಾಡಿ." ಕೆಳಗೆ, ಅಭ್ಯಾಸಬಲದಿಂದ ಹಾಕಿದ, ಅಂಕುಡೊಂಕಿನ ಆದರೆ ಪೂರ್ಣವಾದ ಸಹಿ: ಏಕಾಂತಪ್ಪ.

"ಕಡತಕ್ಕೆ ಸಹಿ ಹಾಕಿ ಹಾಕಿ, ಕಳ್ಳತನಕ್ಕೂ ಸಹಿ ಹಾಕಿದಾನೆ ಪುಣ್ಯಾತ್ಮ!" ಮಲ್ಲೇಶ್ ಚಪ್ಪಾಳೆ ತಟ್ಟಿದ. "ಗೆದ್ವಿ ಅತ್ತೆ. ನಡೀರಿ, ಹೊರಡೋಣ. ವ್ಯಾನು ತಿರುಗಿಸ್ತೀನಿ."

"ಫ್ಲಾಪಿ ಹಾಕು ಮಲ್ಲಿಕ್."

"ಚೀಟಿ ಸಿಕ್ಕಿತಲ್ಲ ಅತ್ತೆ?"

"ಚೀಟಿ ಅವರ ಸುಳ್ಳಿಗೆ ಸಾಕ್ಷಿ. ನಮ್ಮ ನಿಜಕ್ಕೆ ಸಾಕ್ಷಿ ಬೇಡವೇನೋ?"

ಫ್ಲಾಪಿಯ ಫೈಲು ತೆರೆಯಿತು. ಮೊದಲಿಗೆ ಆ ಟೇಬಲ್ಲು, ನಾಲ್ಕನೇ ಸಾಲಿನಲ್ಲಿ 58.3. ಅಕ್ಷರಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅದರ ಕೆಳಗೆ ಅವಳು ಕಾಣದೆ ಬರೆಸಿದ ನೂರ ತೊಂಬತ್ತಾರು ಸಾಲುಗಳು, ಮೂರು ಮೂರು ಸಲ: ಹೆಸರು, ವಯಸ್ಸು, ಶೆಡ್ಡು, ಎತ್ತರ, ತೂಕ, ಉಸಿರು.

ಬಸವರಾಜೇಶ್ವರಿಯವರು ಸ್ಕೇಲನ್ನು ಪರದೆಗೇ ಆನಿಸಿ ಸಾಲು ಸಾಲಾಗಿ ಇಳಿದರು. ನಾಲ್ಕನೇ ಶೆಡ್ಡಿನ ನಡುವೆ ಸ್ಕೇಲು ನಿಂತಿತು. ನಾಗಯ್ಯನ ಹೆಸರಿನ ಮುಂದೆ, ಉಸಿರಿನ ಕಾಲಮ್ಮಿನಲ್ಲಿ, ಸಂಖ್ಯೆ ಇರಬೇಕಾದ ಕಡೆ ಎರಡೇ ಅಕ್ಷರ. ಎನ್‌ಎ. ಮಾಹಿತಿ ಇಲ್ಲ ಎಂದು ಆ ಭಾಷೆ ಒಪ್ಪಿಕೊಳ್ಳುವ ರೀತಿ ಅದು. ಅಂಥವು ಒಂದು, ಎರಡು... ಒಟ್ಟು ಒಂಬತ್ತು.

"ಅಕ್ಷರಾ, ಖಾಲಿ ಇದ್ದವರನ್ನ ಏನು ಮಾಡಿದೆ?"

"ಅವರನ್ನ ಬಿಟ್ಟು ಸರಾಸರಿ ತೆಗಿ ಅಂತ ಹೇಳಿದ್ದೆ ಮೇಡಂ. ಕ್ಯಾಂಪಿಗೆ ಬಂದಿಲ್ಲವೇನೋ ಅಂದ್ಕೊಂಡೆ."

"ಜನ ನಲವತ್ತಾರು ಅಂತ ತೋರಿಸಿದೀಯ. ಅಳೆದದ್ದು ಮೂವತ್ತೇಳು." ಅವರು ಹಣೆ ಒತ್ತಿಕೊಂಡರು. ಬೆಳಗ್ಗೆಯಿಂದ ತಾವು ಎದೆಗವುಚಿಕೊಂಡು ಬಂದ 58.3 ಕೂಡ ಪೂರ್ಣ ನಿಜವಲ್ಲ! "ನಾಗಯ್ಯ, ನೀನು ಮೂರು ಸಲ ಊದಿದೆ ಅಂದೆಯಲ್ಲ?"

ನಾಗಯ್ಯ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡ.

"ಪ್ರತಿ ಸಾಲನ್ನ ಬರೆದವರು ಯಾರು ಅಂತ ಒಂದು ಕಾಲಂ ಇತ್ತು ಮೇಡಂ," ಎಂದಳು ಅಕ್ಷರಾ. "ಇದರಲ್ಲಿ ಕಾಣ್ತಿಲ್ಲ. ಅಳಿಸಿದಾರೆ!"

"ಅಳಿಸಿಲ್ಲ. ಪಾಠ ಮರೆತೆಯಾ? ಒಂದು ಸಾಲಿಗೆ ಎಂಬತ್ತು ಅಕ್ಷರ. ಅಗಲ ಸಾಲದೆ ಹೋದ ಕಾಲಮ್ಮನ್ನ ಅದು ಎಸೆಯಲ್ಲ, ಎಲ್ಲಾ ಸಾಲೂ ಮುಗಿದ ಮೇಲೆ ಕೆಳಗೆ ಇಳಿಸುತ್ತೆ. ಯಾರೂ ಅಷ್ಟು ಕೆಳಗೆ ಹೋಗಿ ನೋಡಲ್ಲ. ನಾವು ಹೋಗೋಣ. ಇಳಿಸು ಮಲ್ಲಿಕ್."

ಪರದೆ ಓಡಿತು. ಹೆಸರುಗಳು ಮುಗಿದವು. ಮತ್ತೆ ಒಂದರಿಂದ ಸಾಲಿನ ಸಂಖ್ಯೆಗಳು ಶುರುವಾದವು. ಪಕ್ಕದಲ್ಲಿ ಒಂದೇ ಕಾಲಂ, ಬರೆದವರ ಗುರುತಿನ ಅಕ್ಷರಗಳು. ಖಾಲಿ ಇದ್ದ ಮೊದಲನೆಯ ಸಾಲಿಗೆ ಬೆರಳಿಟ್ಟರು. ಎರಡನೆಯದಕ್ಕೆ ಇಟ್ಟರು. ಮೂರನೆಯದಕ್ಕೆ ಇಟ್ಟ ಬೆರಳನ್ನು ಅವರು ತೆಗೆಯಲಿಲ್ಲ.

ಎಂಎಲ್‌ಎಸ್. ಎಂಎಲ್‌ಎಸ್. ಎಂಎಲ್‌ಎಸ್.

ಹಿಂದಕ್ಕೆ ತಿರುಗದೆ ಕೇಳಿದರು: "ಕ್ಯಾಂಪಿನಲ್ಲಿ ನೀನೂ ಬರೆಯೋಕೆ ಕೂತಿದ್ದೆ, ಅಲ್ಲವೇನೋ ಮಲ್ಲೇಶ?"

ಬಾಗಿಲಲ್ಲಿ ವ್ಯಾನಿನ ಬೀಗದಕೈ ಗಿಲಕಿಯಂತೆ ಆಡುತ್ತಿದ್ದದ್ದು ನಿಂತಿತು.

"ಅತ್ತೆ, ಗಂಟೆ ಎರಡೂವರೆ. ಆ ಪುಟ ನಮಗೆ ಬೇಡ."

"ನಾಗಯ್ಯ ಊದಿದ ಉಸಿರು ಎಲ್ಲಿ ಇಟ್ಟಿದೀಯ?"

"ನನ್ನ ಯಾಕೆ ಕೇಳ್ತೀರಿ? ಅವನನ್ನೇ ಕೇಳಿ."

ನಾಗಯ್ಯ ಮೆಲ್ಲಗೆ ಎದ್ದ. "ನಾವೇ ಕೇಳ್ಕೊಂಡ್ವಿ ತಾಯಿ. ನಂದು ಮೂವತ್ತೊಂದು ಬಂತು. ಮೂವತ್ತೊಂದು ಅಂತ ಕಾಗದದ ಮೇಲೆ ಬಂದ್ರೆ... ಈತ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಗೇಟಿನ ಹೊರಗೆ ನಿಲ್ಲಿಸ್ತಾರೆ. ಫ್ಯಾನು ಬರಲಿ, ಶೆಡ್ಡು ಸರಿಯಾಗಲಿ. ಆದರೆ ಅದರೊಳಗೆ ನಾನೂ ಇರಬೇಕಲ್ಲ? ಮಲ್ಲೇಶಣ್ಣ ನಮ್ಮ ಮುಖ ನೋಡಿ ಬರೀಲಿಲ್ಲ."

"ಬೇಕಿದ್ರೆ ನನ್ನ ನೇಣಿಗೆ ಹಾಕಿ," ಎಂದ ಮಲ್ಲೇಶ್. "ಅಸಲು ಕಾಗದ ನನ್ನ ಹತ್ರ ಇದೆ. ಹರಿದು ಹಾಕೋಕೆ ಮನಸ್ಸು ಬರಲಿಲ್ಲ."

ಬಸವರಾಜೇಶ್ವರಿಯವರು ಇಬ್ಬರನ್ನೂ ನೋಡಿದರು. ಏಕಾಂತಪ್ಪನ ಎದುರು ಬಂದ ಸಿಟ್ಟು ಇಲ್ಲಿ ಬರಲಿಲ್ಲ. ಆದರೆ ಸಿಟ್ಟು ಬಾರದ ಮಾತ್ರಕ್ಕೆ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ ಎಂದು ಮೂವತ್ತೊಂದು ವರ್ಷ ಅವರು ತಾವೇ ಕಲಿಸಿದ್ದರು.

"ಕೇಳು ನಾಗಯ್ಯ. ಏಕಾಂತಪ್ಪ ನಿಮ್ಮ ಉಸಿರನ್ನ ಜಾಸ್ತಿ ಮಾಡಿ ಮುಚ್ಚಿದ. ನೀವು ಖಾಲಿ ಬಿಟ್ಟು ಮುಚ್ಚಿದ್ರಿ. ಲಾಭ ಅವನಿಗೇ. ಆ ಸಂಖ್ಯೆಗಳನ್ನ ಸೇರಿಸಿದ್ರೆ ಸರಾಸರಿ ಇನ್ನೂ ಕೆಳಗಿಳಿಯುತ್ತೆ, ಶೆಡ್ಡು ತೆರೆಯೋ ಧೈರ್ಯ ಯಾವ ಅಧಿಕಾರಿಗೂ ಬರಲ್ಲ. ಹೆಸರಿನ ಕಾಲಂ ಮರೆಮಾಡಿ ಸಂಖ್ಯೆ ಮಾತ್ರ ತೋರಿಸಬಹುದು, ಅದಕ್ಕೂ ದಾರಿ ಇದೆ. ಹೆಸರು ಬಿಡ್ತೀನಿ. ಸಂಖ್ಯೆ ಬಿಡಲ್ಲ. ನಿನ್ನನ್ನ ಗೇಟಿನಾಚೆ ನಿಲ್ಲಿಸೋಕೆ ಬಂದರೆ, ಆ ಗೇಟಿಗೆ ಮೊದಲು ನಾನು ಅಡ್ಡ ನಿಲ್ತೀನಿ."

 ನಾಗಯ್ಯ ತಲೆಯಾಡಿಸಿದ. "ಹೆಸರು ಬರಲ್ಲ ಅಂದ್ರೆ... ಆಯ್ತು ತಾಯಿ. ನಮ್ಮ ಎಂಟೂ ಜನರ ಪರವಾಗಿ ನಾನೇ ಒಪ್ತೀನಿ."

ಸ್ಕೇಲು ಚೀಲಕ್ಕೆ ಇಳಿಯುತ್ತಿದ್ದದ್ದು ಅಲ್ಲೇ ನಿಂತಿತು.

"ಎಷ್ಟು ಜನ?"

"ಎಂಟು."

"ಮಲ್ಲೇಶ?"

"ಎಂಟೇ ಅತ್ತೆ. ನನ್ನಾಣೆಗೂ ಎಂಟೇ."

ಅವರು ಮತ್ತೆ ಎಣಿಸಿದರು. ಖಾಲಿ ಇದ್ದದ್ದು ಒಂಬತ್ತು. ಎಂಟು ಸಾಲುಗಳ ಪಕ್ಕದಲ್ಲಿ ಎಂಎಲ್‌ಎಸ್. ಒಂಬತ್ತನೆಯದರ ಪಕ್ಕದಲ್ಲಿ, ಬರೆದವರ ಹೆಸರಿರಬೇಕಾದ ಕಡೆಯೂ, ಎನ್‌ಎ.

"ಮೇಲೆ ಹೋಗು ಮಲ್ಲಿಕ್. ನೂರ ಎಂಬತ್ತೆಂಟನೇ ಸಾಲು."

ಹೆಸರು: ಬಂಗಾರಪ್ಪ. ವಯಸ್ಸು ನಲವತ್ತನಾಲ್ಕು. ಎತ್ತರ ನೂರ ಅರವತ್ತಾರು. ತೂಕ ನಲವತ್ತೊಂದು.

ನಾಗಯ್ಯ ಓದು ಬಾರದವನು. ಅಕ್ಷರಾ ಹೆಸರನ್ನು ಗಟ್ಟಿಯಾಗಿ ಓದಿದಳು. ಅವನ ಕೈಯ ಟವೆಲ್ ನೆಲಕ್ಕೆ ಬಿತ್ತು.

"ಅವನು ಹೇಗೆ ಬರ್ತಾನೆ ತಾಯಿ? ಕ್ಯಾಂಪಿಗೆ ಮೂರು ದಿನ ಮುಂಚೆ ಶೆಡ್ಡೊಳಗೆ ಬಿದ್ದ. ಊರಿಗೆ ಕಳಿಸಿದೀವಿ ಅಂದ್ರು ಕಾರ್ಖಾನೆಯೋರು. ಅವನ ಹೆಂಡತಿ ತುಂಗಮ್ಮ... ಊರಿಗೂ ಬಂದಿಲ್ಲ ಅಂತ ಇನ್ನೂ ಹುಡುಕ್ತಿದಾಳೆ."

ಊರಿಗೆ ಹೋದನೆನ್ನಲಾದ ಮನುಷ್ಯನನ್ನು ಯಾರೋ ತಕ್ಕಡಿಯ ಮೇಲೆ ನಿಲ್ಲಿಸಿದ್ದರು. ಗೋಡೆಗೆ ಒರಗಿಸಿ ಎತ್ತರ ಅಳೆದಿದ್ದರು. ಊದು ಎಂದು ಯಂತ್ರವನ್ನು ಬಾಯಿಗೆ ಹಿಡಿಯುವ ಹೊತ್ತಿಗೆ ಅಳೆಯುವುದನ್ನೇ ಕೈಬಿಟ್ಟಿದ್ದರು.

ಮಲ್ಲೇಶನ ಮುಖ ಸುಣ್ಣವಾಗಿತ್ತು. "ಅತ್ತೆ, ಅವತ್ತು ಅವನು ಕ್ಯಾಂಪಿನಲ್ಲಿ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲಲ್ಲೇ ಕೂತು ಬರೀತಿದ್ದೋನು ನಾನು."

"ಹಾಗಾದ್ರೆ ಅವನನ್ನ ತೂಗಿದ್ದು ಬೇರೆ ಎಲ್ಲೋ. ಊರಿಗೆ ಕಳಿಸಿದೀವಿ ಅಂದದ್ದು ಸುಳ್ಳು."

ಬಸವರಾಜೇಶ್ವರಿಯವರು ಚೀಲವನ್ನು ಹೆಗಲಿಗೇರಿಸಿ, ಸ್ಕೇಲನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡರು.

"ಮುದ್ರಿಸು ಮಲ್ಲಿಕ್. ಹೆಸರಿಲ್ಲದೆ ಎಲ್ಲಾ ಸಾಲೂ, ಮಲ್ಲೇಶನ ಕಾಗದದ ಎಂಟು ಸಂಖ್ಯೆನೂ ಜೊತೆಗೆ. ಈ ಒಂದು ಸಾಲು ಮಾತ್ರ ಹೆಸರಿನ ಸಮೇತ, ಎರಡು ಪ್ರತಿ. ಒಂದು ಅಧಿಕಾರಿಗೆ."

"ಇನ್ನೊಂದು ಮೇಡಂ?"

"ತುಂಗಮ್ಮನಿಗೆ."